ಪಾಸ್‌ವರ್ಡಿಗಾಗಿ ಕಾದ ಮಳೆಗಾಲ

ಹೋದ ತಿಂಗಳು ಮೈಸೂರಿನಿಂದ ಕಡೂರಿಗೆ ಹೋಗುವಾಗ ರೈಲು ಅರಸೀಕೆರೆಯಲ್ಲಿ ಹೊತ್ತು ಮೀರಿ ನಿಂತಿತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೊಬ್ಬರಿ ಚೀಲಗಳನ್ನು ಪೇರಿಸಿಟ್ಟಿದ್ದರು. ಸೋನೆ ಹಿಡಿದಿತ್ತು. ಒದ್ದೆ ಗೋಣಿಯೂ ಕೊಬ್ಬರಿಯೂ ಸೇರಿದ ಜಿಡ್ಡು ಜಿಡ್ಡಾದ ವಾಸನೆ ಕಿಟಕಿಯಿಂದ ಒಳಗೆ ಬಂದಿದ್ದೇ ತಡ, ನನ್ನ ಇಪ್ಪತ್ತಾರನೇ ವಯಸ್ಸಿನ ಒಂದು ಮಳೆಗಾಲ ಕಣ್ಣ ಮುಂದೆ ನಿಂತಿತು. ಎದುರಿಗೆ ಕೂತಿದ್ದ ಮಗಳು, “ಏನಮ್ಮ, ಒಬ್ಬಳೇ ನಗ್ತಿದೀಯಲ್ಲ?” ಎಂದಳು. ನಗುತ್ತಿದ್ದೆನೇ? ನನಗೇ ಗೊತ್ತಾಗಿರಲಿಲ್ಲ. ಅವಳಿಗೆ ಅಲ್ಲಿಂದ ಕಡೂರಿನವರೆಗೂ ಹೇಳಿಕೊಂಡು ಹೋದ ಕತೆಯನ್ನೇ ಈಗ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಶತಮಾನ ಶುರುವಾಗಿ ನಾಲ್ಕು ವರ್ಷವಾಗಿತ್ತು. ಅರಸೀಕೆರೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಕೆಲಸ ಒಂದು ವರ್ಷದ ಮಟ್ಟಿಗೆ, ತಾತ್ಕಾಲಿಕ. ಒಪ್ಪಿಗೆಯಾದರೆ ಮುಂದಿನ ವರ್ಷಕ್ಕೂ ಆದೇಶ ಕೊಡುವುದಾಗಿ ಹೇಳಿದ್ದರು. ಬೆಳಿಗ್ಗೆ ಕಡೂರಿನಲ್ಲಿ ಪ್ಯಾಸೆಂಜರ್ ಹತ್ತಿ ಬಂದು, ಸಂಜೆ ಹಾಗೆಯೇ ವಾಪಸ್ಸು ಹೋಗುತ್ತಿದ್ದೆ. ಸ್ಟೇಷನ್ನಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲೇ ಕೊಬ್ಬರಿ ಮಂಡಿಗಳಿದ್ದವು. ಮೊದಮೊದಲು ಮೂಗು ಮುಚ್ಚಿಕೊಂಡು ನಡೆಯುತ್ತಿದ್ದವಳಿಗೆ ತಿಂಗಳು ಕಳೆಯುವಷ್ಟರಲ್ಲಿ ಆ ವಾಸನೆಯೇ ‘ಕೆಲಸಕ್ಕೆ ಬಂದೆ’ ಎನ್ನುವ ಗುರುತಾಯಿತು.

ನಾನು ಸೇರಿದ್ದು ಮೇ ತಿಂಗಳ ರಜೆಯಲ್ಲಿ. ನನಗಿಂತ ಮುಂಚೆ ಆ ಲ್ಯಾಬನ್ನು ನೋಡಿಕೊಳ್ಳುತ್ತಿದ್ದವರು ಗಂಗಾಧರಯ್ಯ ಅಂತ. ಐವತ್ತು ದಾಟಿದವರು. ಮೊದಲು ಅದೇ ಕಾಲೇಜಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಕಂಪ್ಯೂಟರುಗಳು ಬಂದಾಗ ಯಾರೂ ಮುಟ್ಟಲು ಧೈರ್ಯ ಮಾಡದ್ದರಿಂದ ಅವರೇ ಮುಟ್ಟಿ, ಪುಸ್ತಕ ತರಿಸಿಕೊಂಡು ಓದಿ, ಇಪ್ಪತ್ತು ಯಂತ್ರಗಳಿಗೂ ತಾವೇ ಕೇಬಲ್ ಎಳೆದಿದ್ದರು. ಆ ವರ್ಷ ಆಡಳಿತ ಮಂಡಳಿಯವರು, ಕಂಪ್ಯೂಟರ್ ಪದವಿ ಇಲ್ಲದವರು ಇನ್ನು ಲ್ಯಾಬ್ ನೋಡಿಕೊಳ್ಳುವಂತಿಲ್ಲ, ನೀವು ಲೈಬ್ರರಿಗೆ ಹೋಗಿ ಎಂದರಂತೆ. ಅವರು ಒಂದು ಮಾತೂ ಆಡದೆ ಅಂದೇ ರಾಜೀನಾಮೆ ಬರೆದುಕೊಟ್ಟು, ಬೀಗದ ಕೈ ಮೇಜಿನ ಮೇಲಿಟ್ಟು, ಹಳೇಬೀಡಿನ ಹತ್ತಿರದ ತಮ್ಮೂರು ಹುಲಿಕೆರೆಗೆ ಹೋಗಿಬಿಟ್ಟಿದ್ದರು. ಆ ಜಾಗಕ್ಕೆ ಬಂದವಳು ನಾನು. ಅವರ ಮುಖವನ್ನೇ ನಾನು ನೋಡಿರಲಿಲ್ಲ.

ರಜೆಯಲ್ಲಿ ಮಾಡುವುದಕ್ಕೆ ಕೆಲಸವಿರಲಿಲ್ಲ. ಹೊಸ ಸೊಸೆ ಅಡುಗೆಮನೆ ಜೋಡಿಸುವ ಹಾಗೆ ಲ್ಯಾಬ್ ಜೋಡಿಸತೊಡಗಿದೆ. ಧೂಳು ಒರೆಸಿದೆ, ಮೇಜು ತಿರುಗಿಸಿದೆ, ಕೆಟ್ಟ ಮೌಸುಗಳನ್ನೆಲ್ಲ ಒಂದು ಡಬ್ಬಕ್ಕೆ ತುಂಬಿದೆ. ಲೈಬ್ರರಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಫ್ಯಾನು ಮಾತ್ರ ಗೊರಗೊರ ಎಂದು ಹಗಲಿರುಳು ತಿರುಗುತ್ತಿತ್ತು. ಮೇಲೊಂದು ಕಾಗದ ಅಂಟಿಸಿತ್ತು. ದುಂಡಗಿನ ಅಕ್ಷರದಲ್ಲಿ ‘ದಯವಿಟ್ಟು ಆರಿಸಬೇಡಿ’ ಎಂದು ಬರೆದಿತ್ತು. ನಾನು ನಕ್ಕೆ. ಇಷ್ಟು ಹಳೇ ಯಂತ್ರದಿಂದ ಏನು ಉಪಯೋಗ ಅಂದುಕೊಂಡೆ. ಹೊಸ ಪ್ರಿಂಟರಿಗೆ ಮೇಜು ಬೇಕಿತ್ತು. ಪ್ಲಗ್ ಕಿತ್ತೆ. ಒಂದು ಗಂಟೆ ಕಾದು ನೋಡಿದೆ; ಲ್ಯಾಬಿನಲ್ಲಿ ಇಂಟರ್ನೆಟ್ ಬರುತ್ತಿತ್ತು, ಯಾವುದೂ ನಿಂತಿರಲಿಲ್ಲ. ಕಾಗದ ಕಿತ್ತು ಬುಟ್ಟಿಗೆ ಹಾಕಿ, ಯಂತ್ರವನ್ನು ಅಲ್ಮೆರಾದ ಪಕ್ಕ ನೆಲಕ್ಕಿಟ್ಟೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಜುಲೈನಲ್ಲಿ ಕಾಲೇಜು ತುಂಬಿತು. ಆಷಾಢದ ಗಾಳಿ ಕಿಟಕಿಯ ಗಾಜುಗಳನ್ನು ಅದುರಿಸುತ್ತಿತ್ತು. ಅರಸೀಕೆರೆಯ ಮಳೆಗಾಲವೆಂದರೆ ಗಾಳಿಯೇ ಹೆಚ್ಚು. ಮೋಡ ದಿನವಿಡೀ ಓಡಿ ಓಡಿ ಎಲ್ಲಿಗೋ ಹೋಗುತ್ತದೆ, ಊರಿಗೆ ನಾಲ್ಕು ಹನಿ ಚಿಮುಕಿಸಿ. ಹುಡುಗಿಯರು ಹಾರುವ ದುಪ್ಪಟ್ಟಾ ಹಿಡಿದುಕೊಂಡು ಲ್ಯಾಬಿನೊಳಗೆ ಓಡಿ ಬರುತ್ತಿದ್ದರು. ವಾರಕ್ಕೊಮ್ಮೆ, ಒಂದೊಂದು ತಂಡಕ್ಕೆ ನಲವತ್ತು ನಿಮಿಷ. ಬಹಳ ಮಂದಿಗೆ ಇಂಟರ್ನೆಟ್ ಕಾಣುವುದಕ್ಕೆ ಆ ನಲವತ್ತು ನಿಮಿಷ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಇಡೀ ಕಾಲೇಜಿಗೆ ಹೊರಗಿನ ಲೈನ್ ಒಂದೇ. ಆ ಲೈನಿಗೂ ಲ್ಯಾಬಿಗೂ ನಡುವೆ ಒಂದು ಕಂಪ್ಯೂಟರ್ ಕೂತಿತ್ತು. ಅದನ್ನೇ ಪ್ರಾಕ್ಸಿ ಸರ್ವರ್ ಎನ್ನುವುದು. ಯಾರು ಯಾವ ಪುಟ ಕೇಳಿದರೂ ಅದು ಮೊದಲು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇವಳು ನಮ್ಮ ಕಾಲೇಜಿನವಳೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಪುಟ ತಂದುಕೊಡುತ್ತದೆ. ಆ ಖಾತ್ರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಮ್ಮಲ್ಲಿ ಅದು ನಿಮಿಷಗಟ್ಟಲೆ ಹಿಡಿಯತೊಡಗಿತು. ಹೆಸರು ಕೊಟ್ಟು, ಪಾಸ್‌ವರ್ಡ್ ಕೊಟ್ಟು, ಕೆನ್ನೆಗೆ ಕೈಯಿಟ್ಟು ಹುಡುಗಿಯರು ಕಾಯುತ್ತಿದ್ದರು. ಹೇಗೋ ಪುಟ ತೆರೆದು ನಾಲ್ಕು ಸಾಲು ಓದುವಷ್ಟರಲ್ಲಿ ಅದು ಮತ್ತೆ ಖಾತ್ರಿ ಮಾಡಿಕೊಳ್ಳಲು ಹೋಗುತ್ತಿತ್ತು, ಮತ್ತೆ ಕಾಯಬೇಕು.

ಬಿಕ್ಕೋಡಿನ ನೇತ್ರಾವತಿ ಎಂಬವಳು ಕೊನೇ ವರ್ಷದ ಬಿ.ಎಸ್ಸಿ.ಯಲ್ಲಿದ್ದಳು. ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ಕೆಲಸಕ್ಕೆ ಹೋಗುವವರು. ಇವಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಎಂ.ಎಸ್ಸಿ. ಎಲ್ಲೆಲ್ಲಿದೆ, ಪ್ರವೇಶ ಪರೀಕ್ಷೆ ಹೇಗಿರುತ್ತದೆ, ಯಾವ ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ ಎಂಬ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದಳು. ಎರಡು ವಾರ ಸುಮ್ಮನಿದ್ದು ಮೂರನೇ ವಾರ ನನ್ನ ಮೇಜಿನ ಹತ್ತಿರ ಬಂದಳು.

“ಮೇಡಂ, ಇವತ್ತು ನಲವತ್ತು ನಿಮಿಷದಲ್ಲಿ ನಾನು ನೋಡಿದ್ದು ಒಂದೂವರೆ ಪುಟ. ಹೋದ ವರ್ಷ ಹಿಂಗಿರ್ಲಿಲ್ಲ.”

“ಲೈನ್ ಸರಿಯಿಲ್ಲ ಕಣಮ್ಮ,” ಎಂದೆ.

“ಲೈನ್ ಸರಿಯಿದೆ ಅನ್ಸುತ್ತೆ ಮೇಡಂ. ಪಾಸ್‌ವರ್ಡ್ ಕೊಟ್ಟ ಮೇಲೇನೇ ನಿಲ್ಲೋದು. ಬೆಳಿಗ್ಗೆ ನಾನೊಬ್ಳೇ ಇದ್ದಾಗ ವಾಚ್ ನೋಡ್ದೆ, ಅರ್ಧ ನಿಮಿಷ ಆಯ್ತು. ಎಲ್ರೂ ಕೂತಾಗ ಎರಡು ನಿಮಿಷದ ಮೇಲಾಗುತ್ತೆ.”

ಅವಳ ಮಾತಿನಲ್ಲಿ ದೂರಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದಳು ಅಷ್ಟೆ. ನನಗೆ ಮಾತ್ರ ಮುಖ ಬಿಸಿಯಾಯಿತು. ಪದವಿ ಇರುವವಳು ಬೇಕೆಂದು ತಂದ ಮೇಡಂ ನಾನು.

ಆ ತಿಂಗಳು ನಾನು ಮಾಡದ ಸರ್ಕಸ್ಸಿಲ್ಲ. ಕೇಬಲ್ ಬದಲಾಯಿಸಿದೆ. ಸರ್ವರನ್ನು ಆರಿಸಿ ಹಚ್ಚಿದೆ. ಲೈನ್ ಕೊಟ್ಟವರನ್ನು ಕರೆಸಿದೆ. ಅವರು ಅಳೆದು ನೋಡಿ ನಮ್ಮದೇನೂ ತೊಂದರೆಯಿಲ್ಲ ಎಂದು ಹೋದರು. ಪಾಸ್‌ವರ್ಡ್ ಪರೀಕ್ಷಿಸುವುದಕ್ಕೆ ಸರ್ವರಿನಲ್ಲಿ ಐದು ಕಿಂಡಿಗಳಿದ್ದಂತೆ ವ್ಯವಸ್ಥೆಯಿತ್ತು. ಒಮ್ಮೆಗೆ ಐದು ಜನರನ್ನು ವಿಚಾರಿಸುತ್ತದೆ, ಉಳಿದವರು ಸಾಲಿನಲ್ಲಿ ನಿಲ್ಲಬೇಕು. ಇಪ್ಪತ್ತು ಜನ ಕೂತರೆ ಯಾಕೆ ಅಷ್ಟು ತಡ ಎನ್ನುವುದು ಅದರಿಂದ ಗೊತ್ತಾಯಿತು. ಐದನ್ನು ಹತ್ತು ಮಾಡಿದೆ. ಸ್ವಲ್ಪ ವಾಸಿಯೆನಿಸಿತು. ಆದರೆ ಒಬ್ಬಳೇ ಕೂತರೂ ಆ ಅರ್ಧ ನಿಮಿಷ ಯಾಕೆ ಹಿಡಿಯುತ್ತದೆ? ಅದು ಮಾತ್ರ ಅಲ್ಲಾಡಲಿಲ್ಲ. ರೈಲಿನಲ್ಲಿ ಕೂತಾಗಲೂ ಅದೇ ಯೋಚನೆ. ಬಾಣಾವರ ದಾಟಿದ್ದು, ದೇವನೂರು ದಾಟಿದ್ದು ಒಂದೂ ತಿಳಿಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಮಲ್ಲೇಶಪ್ಪನವರು ಕರೆಸಿದರು. ಊರಿನ ಕೊಬ್ಬರಿ ವ್ಯಾಪಾರಸ್ಥರು, ಬಿಳಿ ಜುಬ್ಬ, ಹಣೆಯ ಮೇಲೆ ವಿಭೂತಿ. ಕೆಟ್ಟವರೆಂದು ನಾನು ಹೇಳಲಾರೆ. ಆ ಕಾಲೇಜಿನ ಒಂದೊಂದು ಕಲ್ಲಿನ ಮೇಲೂ ಅವರಿಗೆ ಪ್ರೀತಿಯಿತ್ತು. ಆದರೆ ಗಂಗಾಧರಯ್ಯ ಒಂದೇ ದಿನದಲ್ಲಿ ಬಿಟ್ಟುಹೋದದ್ದು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು.

“ನೋಡಮ್ಮ, ಆ ಮನುಷ್ಯ ಇರೋತನಕ ಎಲ್ಲ ಸರಿಯಿತ್ತು. ಹೋದ ಮೇಲೆ ಹಿಂಗಾಯ್ತು. ಇದ್ರಲ್ಲಿ ತಿಳ್ಕೊಳ್ಳೋದೇನೈತೆ? ಹೋಗ್ತಾ ಏನೋ ಮಾಡಿಟ್ಟು ಹೋಗವ್ನೆ. ಕಮಿಟಿ ಮುಂದೆ ನಾನು ಹಂಗೇ ಹೇಳೀನಿ.”

ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿ ಅವರೇ ಮುಂದುವರಿಸಿದರು.

“ಬೇಲೂರಿನ ಒಂದು ಸ್ಕೂಲ್ನಾಗೆ ಅವನಿಗೆ ಕೆಲ್ಸ ಕೊಡ್ತಾರಂತೆ. ಅದಕ್ಕೆ ನಮ್ಮಿಂದ ಅನುಭವದ ಸರ್ಟಿಫಿಕೇಟ್ ಬೇಕಂತೆ. ಎರಡು ಸಲ ಕಾಗದ ಬರೆದವ್ನೆ. ನಾನು ತಡೆದಿಟ್ಟೀನಿ. ನೀವು ಕಲಿತೋರು, ಇದು ಅವನ ಕೈಕೆಲ್ಸ ಅಂತ ಒಂದು ರಿಪೋರ್ಟ್ ಬರ್ಕೊಡಿ, ಮುಂದಿನ ವಾರ. ಅಲ್ಲೀತನಕ ಲ್ಯಾಬಿಗೆ ಬೀಗ ಹಾಕಿ. ಹುಡುಗೀರು ಸುಮ್ನೆ ಕೂತು ಎದ್ದು ಹೋಗೋದಕ್ಕೆ ಕರೆಂಟ್ ಯಾಕೆ ಸುಡ್ಬೇಕು?”

ಹೊರಗೆ ಬಂದಾಗ ಮೊದಲು ನನಗಾದದ್ದು ಸಮಾಧಾನ. ಇದನ್ನು ಮಗಳಿಗೂ ಮುಚ್ಚಿಡಲಿಲ್ಲ, ಇಲ್ಲಿಯೂ ಮುಚ್ಚಿಡುವುದಿಲ್ಲ. ಒಂದು ಹಾಳೆ ಬರೆದುಕೊಟ್ಟರೆ ತಪ್ಪು ನನ್ನದಲ್ಲ ಎಂದಾಗುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಗಂಗಾಧರಯ್ಯ ಏನೂ ಮಾಡಿಲ್ಲ ಎನ್ನುವುದಕ್ಕೆ ನನ್ನ ಬಳಿ ಪುರಾವೆಯಾದರೂ ಏನಿತ್ತು? ಆದರೆ ಲ್ಯಾಬಿಗೆ ಬೀಗ ಹಾಕಿ ತಿರುಗಿದರೆ ಎದುರಿಗೆ ನೇತ್ರಾವತಿ ನೋಟ್‌ಬುಕ್ಕು ಹಿಡಿದು ನಿಂತಿದ್ದಳು. “ಎಷ್ಟು ದಿನ ಮೇಡಂ?” ಎಂದಳು. ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡೆ. “ಗಂಗಾಧರಯ್ಯ ಸಾರ್‌ನ ಕೇಳಿದ್ರಾ?” ಎಂದಳು. ಅಷ್ಟು ಸುಲಭದ ಮಾತು ಎರಡು ತಿಂಗಳಿಂದ ನನ್ನ ತಲೆಗೆ ಬಂದಿರಲಿಲ್ಲ. ಬಂದಿರಲಿಲ್ಲವೋ, ನಾನೇ ಬರಗೊಟ್ಟಿರಲಿಲ್ಲವೋ.

ಆ ಭಾನುವಾರ ಅರಸೀಕೆರೆಯಿಂದ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ತೆಂಗಿನ ತೋಟಗಳು, ಆಮೇಲೆ ರಾಗಿ ಹೊಲ, ಆಮೇಲೆ ಹಸಿರು ಸ್ವಲ್ಪ ಸ್ವಲ್ಪವೇ ದಟ್ಟವಾಗುತ್ತಾ ಹೋಯಿತು. ಹಳೇಬೀಡಿನಲ್ಲಿ ಇಳಿದಾಗ ಜಿನುಗುತ್ತಿತ್ತು. ಪ್ರವಾಸಿಗಳೆಲ್ಲ ಗುಡಿಯ ಕಡೆ ಹೋದರು. ನಾನು ಆಟೋ ಹಿಡಿದು ಹುಲಿಕೆರೆಗೆ ಹೋದೆ. ಟೈಪಿಂಗ್ ಮೇಷ್ಟ್ರ ಮನೆ ಎಂದರೆ ಸಾಕಾಯಿತು, ಒಂದು ಮಗು ಕೈ ತೋರಿಸಿತು.

ಅವರು ಜಗುಲಿಯ ಮೇಲೆ ಕೂತು ಪಕ್ಕದ ಮನೆಯವರ ರೇಡಿಯೋ ಬಿಚ್ಚಿಕೊಂಡಿದ್ದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಯಾರೆಂದು ಹೇಳಿದಾಗ ಸ್ಕ್ರೂಡ್ರೈವರ್ ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸುಶೀಲಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದರು. ಕುಡಿಯಲು ನೀರು ತಂದಿಟ್ಟರು, ಆದರೆ ಕೂತುಕೊಳ್ಳಿ ಎನ್ನಲಿಲ್ಲ.

“ಸಾರ್, ಲ್ಯಾಬ್‌ನಲ್ಲಿ ಒಂದು ತೊಂದರೆಯಾಗಿದೆ. ನೀವು ಒಂದ್ಸಲ ಬಂದು ನೋಡಬೇಕು,” ಎಂದೆ.

“ಇಲ್ಲಮ್ಮ. ನಾನು ಆ ಗೇಟಿನೊಳಕ್ಕೆ ಬರಾಕಿಲ್ಲ. ಬಂದ್ರೆ, ಇವನೇ ಮುಟ್ಟಿ ಹಾಳು ಮಾಡ್ದ ಅಂತಾರೆ. ಬರ್ದಿದ್ರೂ ಅಂತಾ ಇರ್ಬೌದು.”

ನಾನು ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು. ರೇಡಿಯೋವನ್ನು ಪಕ್ಕಕ್ಕೆ ಸರಿಸಿ ಕೇಳಿದರು: “ಏನು ತೊಂದ್ರೆ?”

ಹೇಳಿದೆ. ಅವರ ಮುಖ ಬದಲಾಯಿತು. ಕಾಯಿಲೆಯ ಮಗುವಿನ ಸುದ್ದಿ ಕೇಳಿದವರ ಹಾಗೆ ಮುಂದಕ್ಕೆ ಬಾಗಿದರು.

“ಯೂನಿವರ್ಸಿಟಿ ರಿಸಲ್ಟಿನ ಪುಟಕ್ಕೆ ಪಾಸ್‌ವರ್ಡ್ ಬ್ಯಾಡ ಅಂತ ನಾನು ಮಾಡಿದ್ದೆ. ಅದು ಬೇಗ ಬತ್ತದಾ?”

“ತಕ್ಷಣ ಬರುತ್ತೆ ಸಾರ್.”

“ಹಂಗಾರೆ ಲೈನಿಂದಲ್ಲ. ಒಬ್ಬರೇ ಕೂತ್ರೆ ಎಷ್ಟೊತ್ತು?”

“ಅರ್ಧ ನಿಮಿಷ.”

“ಯಾವಾಗ್ಲೂ ಅರ್ಧ ನಿಮಿಷಾನೇ? ಒಂದಿನ ಹತ್ತು ಸೆಕೆಂಡು, ಒಂದಿನ ಒಂದು ನಿಮಿಷ ಹಂಗೇನಿಲ್ವಾ?”

“ಇಲ್ಲ. ನೇತ್ರಾವತಿ ವಾಚ್ ಹಿಡ್ದು ನೋಡಿದಾಳೆ. ಯಾವಾಗಲೂ ಅಷ್ಟೇ.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಯಂತ್ರಕ್ಕೆ ಸುಸ್ತಾದ್ರೆ ಒಂದೊಂದು ಸಲ ಒಂದೊಂದು ಥರ ತಡ ಆಗ್ತದಮ್ಮ. ಹಿಂಗೆ ಅಳತೆ ಹಿಡಿದಂಗೆ ತಡ ಆದ್ರೆ ಅದು ಯಾರಿಗೋ ಕಾಯ್ತಾ ಕೂತೈತೆ. ಅವರು ಉತ್ರ ಕೊಡ್ತಿಲ್ಲ. ಇಷ್ಟೊತ್ತು ಕಾಯಿ ಅಂತ ಬರ್ದಿರೋವಷ್ಟು ಕಾದು, ಆಮೇಲೆ ಇನ್ನೊಬ್ಬರನ್ನ ಕೇಳ್ತದೆ.” ಸ್ವಲ್ಪ ತಡೆದು ಕೇಳಿದರು: “ಲೈಬ್ರರಿ ಹಿಂದಿನ ರೂಮ್ನಾಗೆ ಒಂದು ಹಳೇ ಕಂಪ್ಯೂಟರ್ ಐತಲ್ಲ, ಅದು ಓಡ್ತಾ ಐತೇನಮ್ಮ?”

ದುಂಡಗಿನ ಅಕ್ಷರದ ಆ ಕಾಗದ, ಅದನ್ನು ಬುಟ್ಟಿಗೆ ಹಾಕಿದ ನನ್ನ ಕೈ, ಎರಡೂ ಒಟ್ಟಿಗೆ ಕಂಡವು. “ನೋಡಬೇಕು ಸಾರ್,” ಎಂದೆ. ಅದೊಂದು ಸುಳ್ಳು. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಕಣ್ಣನ್ನು ರೇಡಿಯೋ ಕಡೆ ತಿರುಗಿಸಿಕೊಂಡರು. ಅವರಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

ಆಮೇಲೆ ಅವರು ವಿವರಿಸಿದ್ದು ಇಷ್ಟು. ಹುಡುಗಿಯರ ಹೆಸರು, ಪಾಸ್‌ವರ್ಡ್‌ಗಳ ಪಟ್ಟಿಯಿದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರ್ ಯಾವ ವಿಳಾಸದಲ್ಲಿದೆ ಎಂದು ಹೇಳುತ್ತಿದ್ದದ್ದು ಆ ಹಳೇ ಯಂತ್ರ. ಪ್ರಾಕ್ಸಿ ಸರ್ವರ್ ಪ್ರತಿ ಸಲವೂ ಮೊದಲು ಅದನ್ನೇ ಕೇಳುತ್ತಿತ್ತು. ಅದು ಮಾತಾಡದಿದ್ದರೆ ಅರ್ಧ ನಿಮಿಷ ಕಾದು, ಎರಡನೆಯದಾಗಿ ಬರೆದಿದ್ದ ಇನ್ನೊಂದು ಯಂತ್ರವನ್ನು ಕೇಳುತ್ತಿತ್ತು. ಹೊರಗಿನ ಪುಟ ಹುಡುಕುವ ಕೆಲಸಕ್ಕೆ ಬೇರೆಯೇ ವ್ಯವಸ್ಥೆ; ಅದಕ್ಕೆ ಇದರ ಹಂಗಿರಲಿಲ್ಲ. ಅದಕ್ಕೇ ಪ್ಲಗ್ ಕಿತ್ತ ದಿನ ಏನೂ ನಿಂತಿರಲಿಲ್ಲ. ರಜೆಯಲ್ಲಿ ನಾನೊಬ್ಬಳೇ ಇದ್ದೆ. ಅರ್ಧ ನಿಮಿಷದ ತಡವನ್ನು ಕೆಟ್ಟ ಲೈನಿನ ಲೆಕ್ಕಕ್ಕೆ ಹಾಕಿದ್ದೆ.

“ಅದನ್ನ ಹಚ್ಚಿ ನೋಡಿ. ಹತ್ತದೇ ಹೋದ್ರೆ ಪ್ರಾಕ್ಸಿಯೊಳಗೆ ಮೊದಲನೇ ಸಾಲಿನಾಗೆ ಅದರ ವಿಳಾಸ ಐತೆ, ಅದನ್ನ ತೆಗೆದು ಎರಡನೇದನ್ನ ಮೇಲಕ್ಕೆ ಹಾಕಿ. ಐದು ನಿಮಿಷದ ಕೆಲ್ಸ.” ಒಂದು ಹಳೇ ಮದುವೆ ಪತ್ರಿಕೆಯ ಹಿಂದೆ ಎಲ್ಲವನ್ನೂ ಬರೆದುಕೊಟ್ಟರು. ಅದೇ ದುಂಡಗಿನ ಅಕ್ಷರ.

ಬಸ್ ರಸ್ತೆಯವರೆಗೆ ಕೊಡೆ ಹಿಡಿದು ಬಂದರು. ದಾರಿಯಲ್ಲಿ ಲ್ಯಾಬಿನ ಕಿಟಕಿಯೊಂದು ಸರಿಯಾಗಿ ಮುಚ್ಚುವುದಿಲ್ಲ, ಇರಚಲು ಬಡಿಯುತ್ತದೆ, ಅಲ್ಲಿ ಹುಡುಗಿಯರನ್ನು ಕೂರಿಸಬೇಡಿ ಎಂದರು. ಬಸ್ಸು ತಿರುವಿನಲ್ಲಿ ಕಂಡಾಗ ಮೆಲ್ಲಗೆ ಹೇಳಿದರು:

“ರಿಪೋರ್ಟ್ ಕೇಳೇ ಕೇಳ್ತಾರೆ. ಹಳೇ ಮಿಷಿನ್, ತಾನೇ ಆರೋಗಿತ್ತು ಅಂತ ಬರ್ದುಬಿಡಿ. ನಿಮಗೆ ಇನ್ನೂ ಹೊಸ ಕೆಲ್ಸ.”

ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ತೌರಿನಿಂದ ಬರ್ತಿದ್ದೀಯೇನವ್ವಾ ಎಂದು ಕೇಳಿದಳು. ಹೂಂ ಎಂದೆ.

ಸೋಮವಾರ ಬೆಳಿಗ್ಗೆ ಯಾರೂ ಬರುವ ಮೊದಲು ಕೋಣೆಯ ಬಾಗಿಲು ತೆಗೆದೆ. ಯಂತ್ರದ ಮೇಲೆ ಜೇಡ ಬಲೆ ಕಟ್ಟಿತ್ತು. ಒರೆಸಿ, ಕೇಬಲ್ ಸಿಕ್ಕಿಸಿ, ಪ್ಲಗ್ ಹಾಕಿದೆ. ಮೊದಲು ಏನೂ ಇಲ್ಲ. ಆಮೇಲೆ ಗೊರಗೊರ ಶುರುವಾಯಿತು. ಲ್ಯಾಬಿಗೆ ಓಡಿಹೋಗಿ ಹೆಸರು ಕೊಟ್ಟು, ಪಾಸ್‌ವರ್ಡ್ ಕೊಟ್ಟು, ಕೈ ಕೀಬೋರ್ಡಿನಿಂದ ಎತ್ತುವಷ್ಟರಲ್ಲಿ ಪುಟ ತೆರೆದುಕೊಂಡಿತು. ನಂಬಿಕೆಯಾಗದೆ ಮತ್ತೆ ಪ್ಲಗ್ ಕಿತ್ತೆ: ಅರ್ಧ ನಿಮಿಷ. ಮತ್ತೆ ಹಾಕಿದೆ: ಕಣ್ಣು ಮಿಟುಕಿಸುವಷ್ಟರಲ್ಲಿ. ಹೀಗೆ ಮೂರು ಸಲ ಮಾಡಿದೆ. ಮಾಡಿದಷ್ಟೂ ಸಲ ನನ್ನ ತಪ್ಪೇ ಎದುರಿಗೆ ಬಂದು ನಿಂತಿತು.

ಮಧ್ಯಾಹ್ನ ಕಾರ್ಯದರ್ಶಿಗಳಿಗೆ ಹೇಳದೆಯೇ ಲ್ಯಾಬಿನ ಬೀಗ ತೆಗೆದು ಕೊನೇ ವರ್ಷದವರನ್ನು ಕೂರಿಸಿದೆ. ಇಪ್ಪತ್ತು ಜನರೂ ಒಟ್ಟಿಗೆ ಪಾಸ್‌ವರ್ಡ್ ಒತ್ತಿದರು. ಆಮೇಲೆ ಲ್ಯಾಬಿನ ತುಂಬ ‘ಹೋ’ ಎಂಬ ಕೂಗು. ಪಕ್ಕದ ತರಗತಿಯ ಮೇಷ್ಟ್ರು ಏನಾಯಿತೆಂದು ಓಡಿ ಬಂದರು. ನೇತ್ರಾವತಿ ಕೂಗಲಿಲ್ಲ. ನೋಟ್‌ಬುಕ್ಕು ತೆರೆದು ಪ್ರಶ್ನೆಗಳ ಮೇಲೆ ಒಂದೊಂದಾಗಿ ಗೀಟು ಹಾಕುತ್ತಾ ನಲವತ್ತು ನಿಮಿಷವೂ ತಲೆಯೆತ್ತದೆ ಓದಿದಳು. ಏಳುವಾಗ ಮಾತ್ರ, “ಸಾರ್ ಏನಂದ್ರು ಮೇಡಂ? ಚೆನ್ನಾಗಿದಾರಾ?” ಎಂದಳು.

“ಚೆನ್ನಾಗಿದಾರೆ,” ಎಂದೆ. ಆ ಒಂದು ಮಾತು ಹೇಳುವುದು ಅಷ್ಟು ಕಷ್ಟವಾಗುತ್ತದೆಂದು ಅಂದುಕೊಂಡಿರಲಿಲ್ಲ.

ರಿಪೋರ್ಟು ಉಳಿದಿತ್ತು. ‘ಹಳೆಯ ಯಂತ್ರವು ತಾನಾಗಿಯೇ ಸ್ಥಗಿತಗೊಂಡಿದ್ದರಿಂದ’ ಎಂದು ಬರೆದೆ. ಓದಿ ನೋಡಿದೆ. ಅದರಲ್ಲಿ ಗಂಗಾಧರಯ್ಯನವರ ಮೇಲೆ ಅಪವಾದವಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ಆದರೆ ಮಲ್ಲೇಶಪ್ಪನವರು ಸುಮ್ಮನಾಗುವವರಲ್ಲ. ತಾನಾಗಿ ಹೇಗೆ ಆರಿತು, ಅವನೇ ಆರಿಸಿ ಹೋಗಿರಬೇಕು ಎಂದೇ ಅನ್ನುತ್ತಾರೆ. ಗಂಗಾಧರಯ್ಯನವರಿಗೆ ಸರ್ಟಿಫಿಕೇಟು ಸಿಗುವುದೇ ಇಲ್ಲ. ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಮೊದಲ ವಾಕ್ಯವನ್ನೇ ‘ನಾನು’ ಎಂದು ಶುರುಮಾಡಿದೆ. ಪ್ಲಗ್ ಕಿತ್ತದ್ದು, ಆರಿಸಬೇಡಿ ಎಂಬ ಕಾಗದವನ್ನು ಓದಿಯೂ ಬಿಸಾಡಿದ್ದು, ತೊಂದರೆ ಎಲ್ಲಿದೆಯೆಂದು ಹೇಳಿಕೊಟ್ಟವರು ಗಂಗಾಧರಯ್ಯನವರು ಎಂಬುದು, ಎಲ್ಲವನ್ನೂ ಬರೆದು ಸಹಿ ಮಾಡಿದೆ.

ಮಲ್ಲೇಶಪ್ಪನವರು ಅದನ್ನು ಎರಡು ಸಲ ಓದಿದರು.

“ಇದು ಹಿಂಗೇ ಇರ್ಬೇಕೇನಮ್ಮ?”

“ಹೌದು ಸಾರ್.”

“ಕಮಿಟಿ ಮುಂದೆ ನಾನು ಅವನ ಹೆಸ್ರು ಹೇಳಿಬಿಟ್ಟೀನಿ. ಈಗ ನನ್ನ ಮುಖ ಎಲ್ಲಿಡ್ಲಿ?”

ರಿಪೋರ್ಟನ್ನು ಮಡಚಿ ಜುಬ್ಬದ ಜೇಬಿಗೆ ಹಾಕಿಕೊಂಡು ಎದ್ದುಹೋದರು.

ಹನ್ನೆರಡು ದಿನ ಅವರು ನನ್ನನ್ನು ಮಾತಾಡಿಸಲಿಲ್ಲ. ಬೆಳಿಗ್ಗೆ ಗೇಟಿನೊಳಗೆ ಕಾಲಿಡುವಾಗೆಲ್ಲ ಇವತ್ತೇ ಕೊನೆಯ ದಿನವಿರಬಹುದು ಅನ್ನಿಸುತ್ತಿತ್ತು. ಮನೆಯಲ್ಲಿ ಅಪ್ಪನಿಗೆ ಹೇಳಿದ್ದೆ. ಅವರು ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ, “ಬರೆದಾಯ್ತಲ್ಲ, ಇನ್ನು ಊಟ ಮಾಡು,” ಎಂದಿದ್ದರು. ಹದಿಮೂರನೇ ದಿನ ಮಲ್ಲೇಶಪ್ಪನವರೇ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಹುಡುಗಿಯರು ಎದ್ದು ನಿಂತರು. ಅವರು ಕೈಸನ್ನೆಯಲ್ಲೇ ಕೂರಲು ಹೇಳಿ, ಪರದೆಗಳನ್ನು ಒಂದು ಸುತ್ತು ನೋಡಿ, ನನ್ನ ಹತ್ತಿರ ಬಂದರು.

“ಕಮಿಟಿಯವ್ರಿಗೆ ನಿಮ್ಮ ರಿಪೋರ್ಟ್ ಓದಿ ಹೇಳ್ದೆ. ನಾನು ಅವತ್ತು ಹೇಳಿದ್ದು ತಪ್ಪು ಅಂತಾನೂ ಹೇಳ್ದೆ.” ಗಂಟಲು ಸರಿಮಾಡಿಕೊಂಡರು. “ಆ ಸರ್ಟಿಫಿಕೇಟ್ ಟೈಪ್ ಮಾಡಿ ತನ್ನಿ, ಸಹಿ ಹಾಕ್ತೀನಿ. ಅಂಚೆಗೆ ಹಾಕ್ಬೇಡಿ. ನೀವೇ ಕೈಯಾರೆ ಕೊಟ್ಟು ಬನ್ನಿ.”

ಮುಂದಿನ ಮೇ ತಿಂಗಳಲ್ಲಿ ನನಗೆ ಎರಡನೇ ವರ್ಷದ ಆದೇಶ ಬರಲಿಲ್ಲ. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶಿವಮೊಗ್ಗದಲ್ಲಿ ಬೇರೆ ಕೆಲಸ ಹುಡುಕಿಕೊಂಡೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು. ನೇತ್ರಾವತಿಗೆ ಎಂ.ಎಸ್ಸಿ. ಸೀಟು ಸಿಕ್ಕಿತೆಂದು ಆ ನಡುವೆ ಒಂದು ಕಾರ್ಡು ಬಂತು. ಅವೆಲ್ಲ ಆಮೇಲಿನ ಮಾತು. ಆ ವರ್ಷ ನೆನೆದಾಗ ನನ್ನ ಮನಸ್ಸು ಹೋಗಿ ನಿಲ್ಲುವುದು ಸೆಪ್ಟೆಂಬರಿನ ಇನ್ನೊಂದು ಭಾನುವಾರದಲ್ಲಿ.

ಅವತ್ತು ಹುಲಿಕೆರೆಯಲ್ಲಿ ಮಳೆ ಬಿಟ್ಟು ಬಿಸಿಲು ಬಂದಿತ್ತು. ಗಂಗಾಧರಯ್ಯನವರು ಸರ್ಟಿಫಿಕೇಟನ್ನು ನಿಂತುಕೊಂಡೇ ಓದಿದರು. ಅದರ ಜೊತೆಗೆ ನನ್ನ ರಿಪೋರ್ಟಿನ ಪ್ರತಿಯನ್ನೂ ಇಟ್ಟಿದ್ದೆ. ಅದನ್ನು ಓದುವಾಗ ಮಾತ್ರ ಕೂತರು. ಓದಿ ಮುಗಿಸಿ ಟೈಪಿಂಗ್ ಮೇಷ್ಟ್ರ ದನಿಯಲ್ಲಿ, “ಇಲ್ಲೊಂದು ಒತ್ತಕ್ಷರ ಬಿಟ್ಟೋಗೈತೆ,” ಎಂದರು. ಆಮೇಲೆ ಹೆಂಡತಿಯನ್ನು ಕರೆದು ಎರಡೂ ಹಾಳೆಗಳನ್ನು ಗಟ್ಟಿಯಾಗಿ ಓದಿ ಹೇಳಿದರು.

ಸುಶೀಲಮ್ಮ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಪಕ್ಕ ಕೂತರು.

“ನಾನು ನಿನ್ನ ದಿನಾ ಬೈಕೊಂತಿದ್ದೆ ಕಣವ್ವಾ. ಯಾರೋ ಬಂದು ನಮ್ಮನೆಯೋರ ಕೆಲ್ಸ ಕಿತ್ಕೊಂಡ್ಳು, ಅವಳ ಕೈಲಿ ಒಂದು ಮಿಷಿನ್ನೂ ಓಡದೇ ಹೋಗ್ಲಿ ಅಂತಿದ್ದೆ. ಅವತ್ತು ನೀನು ಬಂದಾಗ ಕೂತ್ಕೋ ಅಂತಾನೂ ಅನ್ಲಿಲ್ಲ.”

“ನೀವು ಬೈದಿದ್ದಕ್ಕೇ ಓಡಲಿಲ್ಲ ಬಿಡಿ,” ಎಂದೆ. ಮೂವರಿಗೂ ನಗು ಬಂತು. ನಗುತ್ತಲೇ ಆಕೆ ಕಣ್ಣೊರೆಸಿಕೊಂಡರು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದರು. ಮೂರನೇ ರೊಟ್ಟಿ ಬೇಡವೆಂದರೆ ಬಿಡಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬನ್ನಿ, ಕಲ್ಯಾಣಿ ನೋಡಿಕೊಂಡು ಬರೋಣ ಎಂದು ಗಂಗಾಧರಯ್ಯನವರು ಎದ್ದರು. ಹೊಯ್ಸಳರ ಕಾಲದ ಕೊಳ. ಸುತ್ತ ಚಿಕ್ಕ ಚಿಕ್ಕ ಗುಡಿಗಳು, ನಾಲ್ಕೂ ಕಡೆಯಿಂದ ನೀರಿಗಿಳಿಯುವ ಮೆಟ್ಟಿಲುಗಳು. ಆ ವರ್ಷದ ಮಳೆಗೆ ನೀರು ಮೇಲಿನ ಮೆಟ್ಟಿಲುಗಳವರೆಗೂ ಬಂದಿತ್ತು. ಪಾಚಿ ಜಾರುತ್ತದೆಂದು ಸುಶೀಲಮ್ಮ ನನ್ನ ಕೈ ಹಿಡಿದುಕೊಂಡರು. ಒಣಗಿದ ಒಂದು ಮೆಟ್ಟಿಲು ಹುಡುಕಿ ಮೂವರೂ ಕೂತೆವು. ನೀರಿನಲ್ಲಿ ಒಂದು ಮೀನು ಮೇಲೆ ಬಂದು ಉಂಗುರ ಬಿಟ್ಟು ಮುಳುಗಿತು.

“ನಾನು ಹೇಳ್ಕೊಟ್ಟಿದ್ದೆ, ತಾನೇ ಆರಿತ್ತು ಅಂತ ಬರೀರಿ ಅಂತ. ಯಾಕೆ ಬರೀಲಿಲ್ಲ?” ಎಂದರು ಗಂಗಾಧರಯ್ಯನವರು.

“ಬರೆದಿದ್ದೆ ಸಾರ್. ಆಮೇಲೆ ಹರಿದು ಹಾಕ್ದೆ.”

ಅವರು ಮೆಟ್ಟಿಲ ಮೇಲಿದ್ದ ಒಣ ಎಲೆಯೊಂದನ್ನು ಎತ್ತಿ ನೀರಿಗೆ ಬಿಟ್ಟರು.

“ನಿನ್ನ ಜಾಗದಾಗೆ ನಾನಿದ್ದಿದ್ರೆ,” ಎಂದರು, ಮೊದಲ ಸಲ ಏಕವಚನದಲ್ಲಿ, “ಆ ಹಾಳೆ ಹರೀತಿರ್ಲಿಲ್ಲ ಅನ್ಸುತ್ತೆ ಕಣಮ್ಮ.”

ಸುಶೀಲಮ್ಮ ಹಿಡಿದಿದ್ದ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.